ತೂಕದ ಚೀಟಿ ಹೋಗುವ ದಾರಿ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ನಾನು ಹಲವು ವರ್ಷ ಲೆಕ್ಕ ಬರೆದವನು. ಈಗ ಅಂಗಡಿಯವರಿಗೆ, ಮಂಡಿಯವರಿಗೆ, ಸೊಸೈಟಿಯವರಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಇಡುವುದನ್ನು ಹೇಳಿಕೊಡುತ್ತೇನೆ. ಒಂದು ವ್ಯಾಪಾರದ ಒಳಗೆ ಮಾಹಿತಿ ಹೇಗೆ ಓಡಾಡುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದು ಇವತ್ತಿನ ಮಾತು.

ಮಂಡಿಗೆ ಅಡಿಕೆ ತಂದ ರೈತರು ಅವತ್ತೇ ಮಾರುತ್ತಾರೆ ಅಂತೇನಿಲ್ಲ. ದರ ಏರಲಿ ಅಂತ ತಿಂಗಳುಗಟ್ಟಲೆ ಇಟ್ಟಿರುತ್ತಾರೆ. ನಡುವೆ ತೋಟದ ಕೂಲಿಗೆ, ಮಕ್ಕಳ ಫೀಸಿಗೆ ಅಂತ ಮುಂಗಡ ತೆಗೆದುಕೊಳ್ಳುತ್ತಾರೆ. ಹಾಗಾಗಿ ಗೋದಾಮಿನ ಒಂದೊಂದು ಚೀಲದ ಬಗ್ಗೆಯೂ ಎಷ್ಟೋ ವಿಷಯ ಗೊತ್ತಿರಬೇಕು. ಅದು ಯಾರದ್ದು? ಅಡಿಕೆಯ ಜಾತಿಗಳಲ್ಲಿ ಯಾವುದು, ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ? ತೂಕ ಎಷ್ಟು? ಅದರ ಮೇಲೆ ಎಷ್ಟು ಮುಂಗಡ ಹೋಗಿದೆ? ಸರಕಿನ ದರಕ್ಕೂ ಗೊರಬಲಿನ ದರಕ್ಕೂ ಅಜಗಜಾಂತರ. ಒಂದು ಚೀಲದ ಜಾತಿ ತಪ್ಪಾಗಿ ಬರೆದರೂ ಒಂದು ಮನೆಯ ವರ್ಷದ ದುಡಿಮೆಗೇ ಪೆಟ್ಟು.

ನಮ್ಮ ಮಂಡಿಗೆ ಕಂಪ್ಯೂಟರ್ ಬಂದ ಮೊದಲ ವರ್ಷ ನಡೆದದ್ದನ್ನು ಹೇಳುತ್ತೇನೆ. ಗೋದಾಮಿನ ಮೇಸ್ತ್ರಿ ಬಂದ ಚೀಲ, ಹೋದ ಚೀಲ ಎರಡನ್ನೂ ತಮ್ಮ ನೋಟ್ ಬುಕ್ಕಿನಲ್ಲಿ ಬರೆಯುತ್ತಿದ್ದರು. ಸಂಜೆ ನಾನು ಅದನ್ನು ನೋಡಿಕೊಂಡು ಕಂಪ್ಯೂಟರಿಗೆ ಹಾಕುತ್ತಿದ್ದೆ. ಮಳೆಗಾಲದ ಒಂದು ಸಂಜೆ ಕರೆಂಟ್ ಇರಲಿಲ್ಲ. ನಾಳೆ ಹಾಕಿದರಾಯಿತು ಅಂತ ಬಿಟ್ಟೆ. ಮರುದಿನ ಬೆಳಿಗ್ಗೆಯೇ ಖರೀದಿದಾರರ ಫೋನ್ ಬಂತು. ಪರದೆಯ ಮೇಲೆ ರಾಶಿ 40 ಚೀಲ ಕಾಣಿಸುತ್ತಿತ್ತು. ಮಾಲೀಕರು ಒಪ್ಪಿಕೊಂಡುಬಿಟ್ಟರು. ಗೋದಾಮಿಗೆ ಹೋಗಿ ನೋಡಿದರೆ ಇದ್ದದ್ದು 22. ಉಳಿದ 18 ಚೀಲ ಹಿಂದಿನ ದಿನವೇ ಲಾರಿ ಹತ್ತಿದ್ದವು.

ಮೇಸ್ತ್ರಿ ನೋಟ್ ಬುಕ್ ತೆಗೆದು ತೋರಿಸಿದರು. "ನಿನ್ನೆಯೇ ಬರೆದಿದ್ದೀನಲ್ಲ ಸ್ವಾಮಿ, ನೋಡಿ ಇಲ್ಲಿ." ಅವರ ಲೆಕ್ಕ ಸರಿಯಾಗಿಯೇ ಇತ್ತು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೇಸ್ತ್ರಿ ಬರೆದದ್ದೆಲ್ಲ ನಮ್ಮ ಕಡೆಗೆ ಬರುತ್ತಿತ್ತು. ನಮ್ಮಿಂದ ಅವರಿಗೆ ಏನೂ ಹೋಗುತ್ತಿರಲಿಲ್ಲ. ಮತ್ತೆ ಅವರಿಗೆ ಕಂಪ್ಯೂಟರ್ ಯಾಕೆ ಬೇಕು, ಅಲ್ವಾ? ಮರುದಿನ ಅವರ ಹತ್ತಿರವೇ ಕೂತು, ನಿಮಗೆ ಏನು ಗೊತ್ತಾದರೆ ಕೆಲಸ ಸುಲಭ ಆಗುತ್ತೆ ಅಂತ ಕೇಳಿದೆ. ಅವರು ಕೇಳಿದ್ದು ಎರಡೇ. ಇವತ್ತು ಯಾವ ಚೀಲ ಹೊರಗೆ ಹೋಗಬೇಕು ಅನ್ನುವ ಪಟ್ಟಿ ಬೆಳಿಗ್ಗೆಯೇ ಕೈಗೆ ಸಿಗಬೇಕು. ವಾರದ ಕೊನೆಗೆ ಹಮಾಲರಿಗೆ ಚೀಲದ ಲೆಕ್ಕದಲ್ಲಿ ಕೂಲಿ ಎಷ್ಟು ಅಂತ ತಕರಾರಿಲ್ಲದೆ ಗೊತ್ತಾಗಬೇಕು. ಎರಡನ್ನೂ ಪ್ರಿಂಟ್ ತೆಗೆದು ಕೊಡಲು ಶುರು ಮಾಡಿದೆವು. ಒಂದು ತಿಂಗಳೂ ಆಗಿರಲಿಲ್ಲ. ಲಾರಿ ಹೊರಡುವ ಮುಂಚೆ ಅವರೇ ಚೀಟಿ ಹಿಡಿದುಕೊಂಡು ಬಂದು, "ಮೊದಲು ಇದನ್ನು ಹಾಕಿ" ಅನ್ನುತ್ತಿದ್ದರು.

ಮೇಸ್ತ್ರಿಯ ನೆನಪಾದಾಗಲೆಲ್ಲ ನನಗೆ ಇಂಗ್ಲೆಂಡಿನ ಲಯನ್ಸ್ ಕಂಪನಿಯ ಕಥೆಯೂ ನೆನಪಾಗುತ್ತದೆ. ಅವರದ್ದು ಚಹಾ ಅಂಗಡಿಗಳ ವ್ಯಾಪಾರ. ಊರೂರಲ್ಲಿ ಅಂಗಡಿ, ದಿನವೂ ಕೇಕು, ಬ್ರೆಡ್ಡು ಕಳಿಸಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ತಯಾರಾಗುತ್ತಿದ್ದ ಎಡ್ಸ್ಯಾಕ್ ಕಂಪ್ಯೂಟರಿಗೆ ದುಡ್ಡು ಕೊಟ್ಟು, ಅದರ ಮಾದರಿಯಲ್ಲಿ ತಾವೇ ಒಂದನ್ನು ಕಟ್ಟಿಕೊಂಡರು. ಲಿಯೋ ಅಂತ ಹೆಸರಿಟ್ಟರು. 1951ರಲ್ಲಿ ಬೇಕರಿಯ ಲೆಕ್ಕ ಅದರಲ್ಲಿ ಶುರುವಾಯಿತು. ವ್ಯಾಪಾರದ ದಿನನಿತ್ಯದ ಕೆಲಸಕ್ಕೆ ಕಂಪ್ಯೂಟರ್ ಬಳಸಿದ್ದು ಜಗತ್ತಿನಲ್ಲಿ ಅವರೇ ಮೊದಲು.

ಮುಂದೆ ಅವರು ಅಂಗಡಿಗಳ ಬೇಡಿಕೆಗೂ ಅದನ್ನು ಬಳಸಿದರು. ಆ ಏರ್ಪಾಡು ನನಗೆ ತುಂಬಾ ಇಷ್ಟ. ಪ್ರತಿ ಅಂಗಡಿಗೂ ಒಂದು ಮಾಮೂಲಿ ಪಟ್ಟಿ ಮೊದಲೇ ಸಿದ್ಧ ಇರುತ್ತಿತ್ತು. ಅಂಗಡಿ ನೋಡಿಕೊಳ್ಳುವ ಹೆಂಗಸು ಫೋನ್ ಮಾಡಿ, ನಾಳೆಗೆ ಏನು ಜಾಸ್ತಿ, ಏನು ಕಡಿಮೆ ಅಂತ ಬದಲಾವಣೆ ಮಾತ್ರ ಹೇಳಿದರೆ ಸಾಕು. ಪೂರ್ತಿ ಪಟ್ಟಿ ದಿನವೂ ಓದಬೇಕಾಗಿಲ್ಲ. ನಮ್ಮಲ್ಲಿ ಇವತ್ತಿಗೂ ಎಷ್ಟು ಕಡೆ ಅದೇ ಹೆಸರು, ಅದೇ ಊರು, ಅದೇ ನಂಬರನ್ನು ಪ್ರತಿ ಸಲ ಸುಮ್ನೆ ತುಂಬಿಸುತ್ತಾರೆ! ಬರೆಯುವವರಿಗೆ ಬೇಸರ ಬಂದ ದಿನವೇ ತಪ್ಪು ನುಗ್ಗುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ಊರಿನ ಹಾಲಿನ ಡೇರಿ ನೋಡಿ. ಬೆಳಿಗ್ಗೆ ಕ್ಯಾನ್ ಹಿಡಿದು ಹೋದರೆ ಯಂತ್ರ ಹಾಲು ಅಳೆದು, ಜಿಡ್ಡು ನೋಡಿ, ದರ ಹಾಕಿ ಚೀಟಿ ಕೊಡುತ್ತದೆ. ಅದೇ ಅಂಕಿ ಡೇರಿಯ ಪುಸ್ತಕಕ್ಕೂ ಹೋಗುತ್ತದೆ. ಆದರೆ ಮೊದಲು ಸಿಗುವುದು ಹಾಲು ತಂದವರ ಕೈಗೆ. ನಿನ್ನೆಗಿಂತ ಜಿಡ್ಡು ಕಡಿಮೆ ಬಂದಿದ್ದರೆ, ದನಕ್ಕೆ ಹಾಕುವ ಹಿಂಡಿಯೋ ಹುಲ್ಲೋ ಬದಲಾಯಿತಾ ಅಂತ ಅಮ್ಮ ಮನೆಗೆ ಹೋಗಿ ಯೋಚಿಸುತ್ತಾರೆ. ಮಾಹಿತಿ ಕೊಟ್ಟವರಿಗೇ ಅದು ಮೊದಲು ತಿರುಗಿ ಬಂತು. ದೊಡ್ಡ ದೊಡ್ಡ ಕಂಪನಿಗಳಲ್ಲೂ ಇಷ್ಟು ಚೆನ್ನಾಗಿ ನಡೆಯುವ ಏರ್ಪಾಡನ್ನು ನಾನು ಕಂಡದ್ದು ಕಡಿಮೆ.

ಮಾಲೀಕರ ಮೇಜಿನ ವಿಷಯ ಬೇರೆ. ಅವರಿಗೆ ಒಂದೊಂದು ಚೀಲದ ವಿವರ ಬೇಡ. ಯಾರ ಮುಂಗಡ ಅವರ ಮಾಲಿನ ಬೆಲೆಯನ್ನು ದಾಟುತ್ತಿದೆ, ಯಾವ ಖರೀದಿದಾರರ ಬಾಕಿ ಹಳೆಯದಾಗುತ್ತಿದೆ, ಇದು ವಾರಕ್ಕೊಮ್ಮೆ ಒಂದು ಹಾಳೆಯಲ್ಲಿ ಸಿಕ್ಕರೆ ಆಯಿತು. ಆ ಹಾಳೆ ಹುಟ್ಟುವುದು ಮೇಸ್ತ್ರಿಯ ಚೀಟಿಯಿಂದಲೇ. ಅಲ್ಲಿ ಒಂದು ದಿನ ತಡವಾದರೆ ಇಲ್ಲಿ ಕೈಗೆ ಬರುವುದು ಹಳೇ ಲೆಕ್ಕ.

2018ರ ಏಪ್ರಿಲ್ 1ರಿಂದ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಸುವ ಜಿಎಸ್‌ಟಿ ಚೀಟಿ, ಬಂದ ಮೇಲೆ ಒಂದು ಒಳ್ಳೆಯದಾಯಿತು. 50,000 ರೂಪಾಯಿಗಿಂತ ಹೆಚ್ಚಿನ ಮಾಲು ಹೊರಡುವ ಮುಂಚೆ ಬಿಲ್ ಆಗಲೇಬೇಕು. ಈಗಿನ ದರದಲ್ಲಿ ಎರಡು ಕ್ವಿಂಟಾಲ್ ರಾಶಿಯೇ ಆ ಮೊತ್ತ ದಾಟುತ್ತದೆ. ಸಂಜೆ ಬರೆಯೋಣ ಅನ್ನುವ ಅಭ್ಯಾಸ ಅನೇಕ ಮಂಡಿಗಳಲ್ಲಿ ಆಗ ಬಿಟ್ಟುಹೋಯಿತು.

ನಮ್ಮ ಸೊಸೈಟಿಗಳಿಗೂ ಈಗ ಇದೇ ಕಾಲ. ರೈತರಿಗೆ ಸಾಲ ಕೊಡುವ ಈ ಸೊಸೈಟಿಗಳನ್ನು, ಅಂದರೆ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು, ಒಂದೇ ತಂತ್ರಾಂಶಕ್ಕೆ ತರಲು ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸೊಸೈಟಿಯ ನಿರ್ದೇಶಕರಲ್ಲಿ ನನ್ನದೊಂದು ಕೇಳಿಕೆ. ಕೌಂಟರಿನಲ್ಲಿ ಕೂತ ಹುಡುಗ ಅಂಕಿ ತುಂಬಿಸಿದ ಕೂಡಲೇ, ಸದಸ್ಯರಿಗೆ ತಮ್ಮ ಸಾಲದ ಬಾಕಿ ಎಷ್ಟು, ಕಂತು ಯಾವಾಗ ಅನ್ನುವ ಚೀಟಿ ಸಿಗುವ ಹಾಗೆ ಮಾಡಿ. ಆಗ ಆ ಹುಡುಗನೂ ಮನಸಿಟ್ಟು ತುಂಬಿಸುತ್ತಾನೆ, ಸದಸ್ಯರೂ ತಪ್ಪಿದ್ದರೆ ಅಲ್ಲೇ ಹೇಳುತ್ತಾರೆ.

ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಆಗ ಏನು ಮಾಡುವುದು? ನಂಬರ್ ಹಾಕಿದ, ಕಾರ್ಬನ್ ಇಟ್ಟು ಬರೆಯುವ ಚೀಟಿ ಪುಸ್ತಕ ಒಂದು ಇರಲಿ. ಕರೆಂಟ್ ಬಂದ ತಕ್ಷಣ ಅದೇ ನಂಬರಿನ ಸಾಲಿನಲ್ಲಿ ಒಂದೂ ಬಿಡದೆ ಕಂಪ್ಯೂಟರಿಗೆ ಹಾಕಿ. ಅಲ್ಲಿಯವರೆಗೆ ಯಾರ ಫೋನ್ ಬಂದರೂ ಪರದೆ ನೋಡಿ ಮಾತು ಕೊಡಬೇಡಿ. ಗೋದಾಮಿಗೆ ನಡೆದುಹೋಗಿ, ಮೇಸ್ತ್ರಿಯನ್ನು ಕೇಳಿ.

ನಮಸ್ಕಾರ.