ಹೊರಗಡೆ ಸ್ವಲ್ಪ ತಣ್ಣಗಾಗುವ ಕವರ್

ಎಲ್ಲರಿಗೂ ನಮಸ್ಕಾರ. ತುಂಬಾ ಜನ ಮಕ್ಕಳನ್ನು ಎತ್ತಿಕೊಂಡೇ ಬಂದಿದ್ದೀರಿ. ಮಗು ಅತ್ತರೆ ಎದ್ದು ಓಡಾಡಿ, ಹಾಲು ಕುಡಿಸಿ, ಸಂಕೋಚ ಬೇಡ.

ಇವತ್ತಿನ ಮಾತು ಬಟ್ಟೆ ಡೈಪರ್ ಸೋರದಂತೆ ಅದರ ಮೇಲೆ ಹಾಕುವ ಕವರ್ ಬಗ್ಗೆ. ಅದಕ್ಕೆ ಮೊದಲು ಒಂದು ಸಣ್ಣ ಪ್ರಯೋಗ. ಇಲ್ಲಿ ಮೂರು ಲೋಟಗಳಲ್ಲಿ ಬಿಸಿನೀರು ಇದೆ. ಒಂದರ ಬಾಯಿಗೆ ಮಾಮೂಲಿ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೇನೆ. ಇನ್ನೊಂದಕ್ಕೆ ಪಿಯುಎಲ್ ಬಟ್ಟೆ, ಈಗ ಹೆಚ್ಚಿನ ಡೈಪರ್ ಕವರ್‌ಗಳನ್ನು ಹೊಲಿಯುವುದು ಇದರಲ್ಲೇ. ಮೂರನೆಯದಕ್ಕೆ ಹೆಣೆದ ಉಣ್ಣೆ. ಮೂರರ ಮೇಲೂ ತಣ್ಣನೆಯ ಗಾಜಿನ ತಟ್ಟೆ ಮುಚ್ಚುತ್ತೇನೆ. ಸ್ವಲ್ಪ ಹೊತ್ತು ಹಾಗೇ ಇರಲಿ. ಅಷ್ಟರಲ್ಲಿ ನನ್ನ ಮಗಳ ವಿಷಯ ಹೇಳುತ್ತೇನೆ.

ಅವಳಿಗೆ ಆಗ ನಾಲ್ಕು ತಿಂಗಳು. ಏನು ತಾಗಿದರೂ ಕೆಂಪಾಗುವ ಚರ್ಮ. ಒಂದು ರಾತ್ರಿ ಕವರ್ ಬಿಚ್ಚಿದಾಗ ಒಳಗಿನ ಬಿಸಿ ಹಬೆ ನನ್ನ ಮುಖಕ್ಕೇ ಹೊಡೆಯಿತು. ಅಂಡಿನ ಚರ್ಮ ತುಂಬಾ ಹೊತ್ತು ನೀರಲ್ಲಿಟ್ಟ ಬೆರಳಿನ ತುದಿಯ ಹಾಗೆ ಬೆಳ್ಳಗೆ ಮುದುಡಿತ್ತು. ಸುತ್ತಲೂ ಕೆಂಪು. ಒರೆಸಲು ಹೋದರೆ ಕಾಲು ಎಳೆದುಕೊಂಡು ಚೀರಿದಳು. ಕವರ್‌ನ ಹೊರಮೈ ಮುಟ್ಟಿ ನೋಡಿದೆ, ಒಂಚೂರೂ ಪಸೆ ಇಲ್ಲ. ಹಾಸಿಗೆಯೂ ಒಣಗಿತ್ತು. ಅಷ್ಟು ದಿನ ಅದನ್ನೇ ಒಳ್ಳೆಯ ಕವರ್ ಅಂದುಕೊಂಡಿದ್ದೆ, ಏನೂ ಸೋರುವುದಿಲ್ಲವಲ್ಲ ಅಂತ. ಆ ರಾತ್ರಿ ನನಗೆ ಹೊಳೆದದ್ದು ಇಷ್ಟೇ: ಹೊರಗೆ ಬರದ ಹಬೆಯೆಲ್ಲ ಅವಳ ಮೈ ಮೇಲೇ ಕೂತಿತ್ತು.

ಅದಕ್ಕೇ ಇವತ್ತು ನಾನು ಮುಖ್ಯವಾಗಿ ಹೇಳಲು ಬಂದಿರುವುದು ಈ ಮಾತು. ಎರಡು ಗಂಟೆಯ ನಂತರ ಕವರ್‌ನ ಹೊರಮೈ ಕೈಗೆ ಸ್ವಲ್ಪ ತಣ್ಣಗೆ ತಾಗಿದರೆ ಬೇಜಾರು ಮಾಡಿಕೊಳ್ಳಬೇಡಿ. ಸಾಮಾನ್ಯವಾಗಿ ಅದು ಸೋರಿಕೆ ಅಲ್ಲ. ಕವರ್ ಹಬೆಯನ್ನು ಹೊರಗೆ ಬಿಡುತ್ತಿದೆ ಅಂತ ಅರ್ಥ.

ಒಳಗೆ ಏನಾಗುತ್ತದೆ ನೋಡಿ. ಮಗುವಿನ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು. ಆರೋಗ್ಯವಾಗಿರುವ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5.5. ಚರ್ಮವನ್ನು ಕಾಯುವುದು ಈ ಹುಳಿ ಗುಣವೇ. ಉಚ್ಚೆಯ ಜೊತೆ ಕಕ್ಕ ಸೇರಿದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಪಿಎಚ್ ಏರುತ್ತದೆ, ಅಂದರೆ ಆ ಹುಳಿ ಗುಣ ಕಡಿಮೆಯಾಗುತ್ತದೆ. ಪಿಎಚ್ ಏರಿದ ಕೂಡಲೇ ಕಕ್ಕದಲ್ಲಿರುವ ಕಿಣ್ವಗಳು, ಅಂದರೆ ಪ್ರೋಟೀನು ಮತ್ತು ಕೊಬ್ಬನ್ನು ಜೀರ್ಣ ಮಾಡುವಂಥವು, ಚುರುಕಾಗಿ ಚರ್ಮವನ್ನೇ ಕೆರಳಿಸುತ್ತವೆ. ಮೊದಲೇ ಒದ್ದೆಯಾಗಿ ಮೆತ್ತಗಾದ ಚರ್ಮ ಬಟ್ಟೆ ಉಜ್ಜಿದ ಕಡೆಯೆಲ್ಲ ಕಿತ್ತು ಬರುತ್ತದೆ. ಇದಕ್ಕೆಲ್ಲ ಬೇಕಾದ್ದು ಶಾಖ, ತೇವ, ಸಮಯ. ಗಾಳಿಯಾಡುವ ಕವರ್ ಮೊದಲಿನ ಎರಡನ್ನು ಕಡಿಮೆ ಮಾಡುತ್ತದೆ. ಮೂರನೆಯದು ನಮ್ಮ ಕೈಯಲ್ಲೇ ಇದೆ. ಎಷ್ಟೇ ಒಳ್ಳೆಯ ಕವರ್ ಇದ್ದರೂ ಕಕ್ಕ ಆದ ತಕ್ಷಣ ಬದಲಾಯಿಸಬೇಕು, ಉಚ್ಚೆಗಾದರೆ ಎರಡು ಮೂರು ಗಂಟೆಗೊಮ್ಮೆ.

ಈಗ ತಟ್ಟೆ ಎತ್ತೋಣ. ಪ್ಲಾಸ್ಟಿಕ್ ಮೇಲಿದ್ದ ತಟ್ಟೆ ಒಣಗಿಯೇ ಇದೆ, ಹನಿಗಳೆಲ್ಲ ಹಾಳೆಯ ಕೆಳಗೆ ಜೋತಾಡುತ್ತಿವೆ. ಪಿಯುಎಲ್ ಮೇಲಿದ್ದ ತಟ್ಟೆಗೆ ತೆಳುವಾಗಿ ಮಂಜು ಹಿಡಿದಿದೆ. ಉಣ್ಣೆಯ ತಟ್ಟೆಯಿಂದ ನೀರೇ ಇಳಿಯುತ್ತಿದೆ. ಕವರ್ ಕೊಂಡು ತಂದ ದಿನ ಮನೆಯಲ್ಲೂ ಇದನ್ನು ಮಾಡಿ ನೋಡಿ. ಚೀಟಿಯ ಮೇಲೆ ಏನು ಬರೆದಿದ್ದರೂ ತಟ್ಟೆ ನಿಜ ಹೇಳುತ್ತದೆ.

ಪಿಯುಎಲ್ ಅಂದರೆ ಪಾಲಿಯೆಸ್ಟರ್ ಬಟ್ಟೆಗೆ ಪಾಲಿಯುರೆಥೇನ್‌ನ ತೆಳು ಪೊರೆ ಅಂಟಿಸಿರುವುದು. ನೀರು ದಾಟುವುದಿಲ್ಲ, ಆವಿ ನಿಧಾನಕ್ಕೆ ದಾಟುತ್ತದೆ. ಆದರೆ ಒಳಗಿನ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಕವರ್ ಮೇಲೆ ಬಿಗಿಯಾದ ಚಡ್ಡಿ, ಅದರ ಮೇಲೆ ಪ್ಯಾಂಟು, ಮೇಲೊಂದು ದಪ್ಪ ಹೊದಿಕೆ ಹಾಕಿದರೆ ಎಂಥ ಪಿಯುಎಲ್ ಆದರೂ ಪ್ಲಾಸ್ಟಿಕ್ಕೇ. ರಾತ್ರಿ ಸೋರುತ್ತದೆ ಅಂತ ಎರಡು ಕವರ್ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಒಳಗೆ ಹೀರುವ ಬಟ್ಟೆ ಇನ್ನೊಂದು ಮಡಿಕೆ ಜಾಸ್ತಿ ಇಡಿ. ಟಿಪಿಯು ಅಂತಲೂ ಕೇಳಿರುತ್ತೀರಿ. ಅದರಲ್ಲಿ ಪೊರೆಯನ್ನು ಶಾಖದಿಂದ ಅಂಟಿಸಿರುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ನೋಡಬೇಕಾದ್ದು ಅಂಚು. ಹೊಳೆಯುವ ಪೊರೆ ತೊಡೆಗೆ ತಾಗಬಾರದು, ಅಂಚನ್ನು ಮೆತ್ತನೆಯ ಬಟ್ಟೆಯಿಂದ ಮಡಿಸಿ ಹೊಲಿದಿರಬೇಕು.

ಉಣ್ಣೆ ಅಂದ ಕೂಡಲೇ ಸೆಕೆ, ಚುಚ್ಚುತ್ತದೆ ಅಂತ ಹಿಂಜರಿಯುತ್ತೀರಿ ಅಲ್ವಾ? ನಾನೂ ಹಿಂಜರಿದಿದ್ದೆ. ಆದರೆ ಉಣ್ಣೆಯ ಎಳೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಹೀರಿದ್ದನ್ನು ನಿಧಾನಕ್ಕೆ ಗಾಳಿಗೆ ಬಿಡುತ್ತದೆ. ನೀರು ಹನಿಯಾಗಿ ಹೊರಬರದಂತೆ ತಡೆಯುವುದು ಲ್ಯಾನೋಲಿನ್, ಕುರಿಯ ಮೈಯಲ್ಲೇ ಒಸರುವ ಮೇಣದಂಥ ಜಿಡ್ಡು. ತೊಳೆಯುತ್ತಾ ಹೋದಂತೆ ಅದು ಕಡಿಮೆಯಾಗುತ್ತದೆ. ಆಗ ನಾವೇ ಸೇರಿಸಬೇಕು. ಒಂದು ಲೋಟ ಬಿಸಿನೀರಿಗೆ ಕಡಲೆಕಾಳಿನಷ್ಟು ಲ್ಯಾನೋಲಿನ್, ಎರಡು ಹನಿ ಮಗುವಿನ ಸೋಪು ಹಾಕಿ ಹಾಲಿನಂತೆ ಬೆಳ್ಳಗಾಗುವವರೆಗೆ ಕದಡಿ. ಅದನ್ನು ಬೋಗುಣಿಯ ಉಗುರುಬೆಚ್ಚಗಿನ ನೀರಿಗೆ ಸುರಿದು, ಕವರ್ ಒಳಮೈ ಹೊರಗೆ ಮಾಡಿ ಕೆಲವು ಗಂಟೆ ನೆನೆಸಿ. ಹಿಂಡಬೇಡಿ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಮಟ್ಟಸವಾಗಿ ಹರಡಿ. ಮೂರು ನಾಲ್ಕು ವಾರಕ್ಕೊಮ್ಮೆ ಮಾಡಿದರೆ ಸಾಕು. ಉಳಿದ ದಿನ ಕಕ್ಕ ತಾಗಿಲ್ಲದಿದ್ದರೆ ಗಾಳಿಗೆ ಹಾಕಿದರೆ ಆಯಿತು.

ಸೂಕ್ಷ್ಮ ಚರ್ಮದ ಮಗುವಿಗೆ ಉಣ್ಣೆಯಲ್ಲೂ ಎಚ್ಚರ ಬೇಕು. ಚುಚ್ಚುವುದು ದಪ್ಪ ಎಳೆ. ಎಳೆ 19 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದ 19 ಭಾಗಕ್ಕಿಂತ, ತೆಳುವಾಗಿರುವ ಮೆರಿನೋ ತಳಿಯ ಕುರಿಯ ಉಣ್ಣೆ ಹುಡುಕಿ. ಲ್ಯಾನೋಲಿನ್ ಒಗ್ಗದ ಮಕ್ಕಳೂ ಇದ್ದಾರೆ, ಎಸ್ಜಿಮಾ, ಅಂದರೆ ಚರ್ಮ ಒಣಗಿ ತುರಿಸುವ ತೊಂದರೆ, ಇರುವ ಮಕ್ಕಳಲ್ಲಿ ಇದು ಹೆಚ್ಚು. ಮೊದಲ ದಿನ ಹಗಲಲ್ಲಿ ಒಂದೆರಡು ಗಂಟೆ ಹಾಕಿ, ತೊಡೆಸಂದು ಮತ್ತು ಸೊಂಟದ ಗೆರೆ ನೋಡಿ.

ಫ್ಲೀಸ್ ಅಂದರೆ ಪಾಲಿಯೆಸ್ಟರ್‌ನ ಮೆತ್ತನೆಯ ಜುಂಗುಜುಂಗು ಬಟ್ಟೆ. ಅದರ ಕವರ್ ಹಗುರ, ಗಾಳಿಯೂ ಆಡುತ್ತದೆ, ಆದರೆ ಮಗುವನ್ನು ತೊಡೆ ಮೇಲೆ ಒತ್ತಿ ಕೂರಿಸಿದರೆ ಸೋರುತ್ತದೆ. ಮಲಗುವಾಗ ಪರವಾಗಿಲ್ಲ. ವಿನೈಲ್, ರಬ್ಬರ್ ಚಡ್ಡಿಗಳು ಬೇಡವೇ ಬೇಡ. ರಬ್ಬರ್ ಚಡ್ಡಿಯ ಈ ಕಷ್ಟ ಹಳೆಯದು. 1946ರಲ್ಲಿ ಅಮೆರಿಕದ ಮರಿಯನ್ ಡೊನೊವಾನ್ ಎಂಬ ತಾಯಿ ಮನೆಯ ಸ್ನಾನದ ಪರದೆ ಕತ್ತರಿಸಿ ಕವರ್ ಹೊಲಿದರು. ಆಮೇಲೆ ನೈಲಾನ್ ಪ್ಯಾರಾಚೂಟ್ ಬಟ್ಟೆಗೆ ಬದಲಾಯಿಸಿದರು, ಪಿನ್ ಬದಲು ಟಿಚ್ ಬಟನ್ ಇಟ್ಟರು. ಒಬ್ಬ ತಾಯಿ ಕೂತು ಹೊಲಿದದ್ದರಿಂದ ದಾರಿ ತೆರೆಯಿತು ಅನ್ನುವುದು ನನಗೆ ತುಂಬಾ ಇಷ್ಟದ ಸಂಗತಿ.

ಅಳತೆಯ ಮಾತು. ಕವರ್ ಸೊಂಟದಲ್ಲಿ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಲಿ. ಮಗು ಕಾಲು ಆಡಿಸಿದಾಗಲೆಲ್ಲ ಆ ಸಂದಿನಿಂದ ಒಳಗಿನ ಬಿಸಿಗಾಳಿ ಹೊರಗೆ ಹೋಗಿ ಹೊಸ ಗಾಳಿ ಬರುತ್ತದೆ. ತೊಡೆಯಲ್ಲಿ ಇಲಾಸ್ಟಿಕ್ ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಸರಿ. ಆಳವಾಗಿ ಕೊರೆದಂತೆ ಉಳಿದರೆ ಬಿಗಿ ಜಾಸ್ತಿ. ಹೀರುವ ಬಟ್ಟೆ ಮತ್ತು ಕವರ್ ಒಟ್ಟಿಗೆ ಹೊಲಿದಿರುವ ಡೈಪರ್‌ಗಿಂತ ಎರಡೂ ಬೇರೆ ಇರುವುದನ್ನೇ ಸೂಕ್ಷ್ಮ ಚರ್ಮದ ಮಕ್ಕಳಿಗೆ ಹೇಳುತ್ತೇನೆ. ಮನೆಯಲ್ಲಿದ್ದಾಗ ಕವರ್ ತೆಗೆದು ಬರೀ ಬಟ್ಟೆಯಲ್ಲಿ ಬಿಡಬಹುದು. ದಿನಕ್ಕೆ ಒಂದಿಷ್ಟು ಹೊತ್ತು ಅದೂ ಇಲ್ಲದೆ ಸುಮ್ನೆ ಟವೆಲ್ ಮೇಲೆ ಮಲಗಿಸಿ.

ಒಗೆಯುವಾಗ ಬಟ್ಟೆ ಮೆದುವಾಗಿಸುವ ದ್ರಾವಣ ಹಾಕಬೇಡಿ. ಅದು ಎಳೆಗಳ ಮೇಲೆ ಪದರ ಕಟ್ಟಿ ಹೀರುವ ಶಕ್ತಿ ಕುಗ್ಗಿಸುತ್ತದೆ. ಸೋಪಿನ ಅಂಶ ಉಳಿಯದಂತೆ ಜಾಲಾಡಿಸಿ. ಪಿಯುಎಲ್ ಅನ್ನು ಕುದಿಸಬೇಡಿ, ಇಸ್ತ್ರಿ ಹಾಕಬೇಡಿ, ಪೊರೆ ಬಿಟ್ಟುಕೊಳ್ಳುತ್ತದೆ.

ಇಷ್ಟಾದರೂ ದದ್ದು ಬಂದರೆ, ಎಲ್ಲಿ ಬಂದಿದೆ ನೋಡಿ. ಉಬ್ಬಿದ ಕಡೆ ಕೆಂಪು, ಸಂದುಗಳು ಚೆನ್ನಾಗಿವೆ ಅಂದರೆ ಸಾಮಾನ್ಯವಾಗಿ ತೇವ ಮತ್ತು ಉಜ್ಜಾಟದ್ದು. ಸಂದಿನೊಳಗೇ ಕಡುಕೆಂಪು, ಸುತ್ತ ಚುಕ್ಕೆ ಚುಕ್ಕೆ ಗುಳ್ಳೆ ಇದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಇರಬಹುದು, ಅದಕ್ಕೆ ಬೇರೆ ಔಷಧಿ ಬೇಕು. ಇಲಾಸ್ಟಿಕ್ ತಾಗುವ ಸೊಂಟದ ಪಕ್ಕದಲ್ಲಿ, ತೊಡೆಯ ಹೊರಭಾಗದಲ್ಲಿ ಮಾತ್ರ ಇದ್ದರೆ ರಬ್ಬರ್ ಅಥವಾ ಬಣ್ಣದ ಅಲರ್ಜಿಯ ಅನುಮಾನ. ಆ ಕವರ್ ನಿಲ್ಲಿಸಿ, ಬಣ್ಣ ಕಡಿಮೆ ಇರುವುದನ್ನು ಹಾಕಿ ನೋಡಿ. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಕೀವು, ಜ್ವರ, ರಕ್ತ ಕಂಡರೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ.

ಈ ಮೇಜಿನ ಮೇಲೆ ನಾಲ್ಕು ಬಗೆಯ ಕವರ್ ಇಟ್ಟಿದ್ದೇನೆ, ಎಲ್ಲ ತೊಳೆದವೇ. ಹತ್ತಿರ ಬನ್ನಿ. ಅಂಚನ್ನು ನಿಮ್ಮ ಮೊಣಕೈಯ ಒಳಭಾಗಕ್ಕೆ ಉಜ್ಜಿ ನೋಡಿ, ಅಂಗೈಗಿಂತ ಅಲ್ಲಿ ಬೇಗ ಗೊತ್ತಾಗುತ್ತದೆ. ಲೋಟದ ನೀರು ಇನ್ನೂ ಬಿಸಿ ಇದೆ. ನಿಮ್ಮ ಚೀಲದಲ್ಲಿ ಕವರ್ ಇದ್ದರೆ ತನ್ನಿ, ಅದನ್ನೂ ಕಟ್ಟಿ ನೋಡೋಣ.