ಎಂಟರ್ ಒತ್ತುವವರೆಗೆ ಆ ಕಡೆ ಏನೂ ಗೊತ್ತಾಗುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಕೋಲಾರ, ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆ ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಮೈನ್‌ಫ್ರೇಮ್ ಸಪೋರ್ಟ್ ಕೆಲಸಕ್ಕೆ ಸೇರಿರುವವರು, ಸೇರಬೇಕು ಅಂತ ಓಡಾಡುತ್ತಿರುವವರು ತುಂಬಾ ಜನ ಇದ್ದೀರಿ. ಬೆಳಗಿನ ರೈಲಿನಲ್ಲಿ ನಿಮ್ಮನ್ನು ನೋಡಿದ್ದೇನೆ. ಇವತ್ತಿನ ಮಾತು ನಿಮಗೆ. ಮನೆಯ ಹಿರಿಯರೂ ಕೇಳಿ, ತೊಂದರೆಯಿಲ್ಲ. ರಾತ್ರಿ ಪಾಳಿಯಲ್ಲಿ ಮಗ ಲ್ಯಾಪ್‌ಟಾಪ್ ಮುಂದೆ ಕೂತು ಯಾಕೆ ಬೈದುಕೊಳ್ಳುತ್ತಾನೆ ಅನ್ನುವುದು ನಿಮಗೂ ತಿಳಿಯುತ್ತದೆ.

ಹೇಳಬೇಕಾದ ವಿಷಯ ಒಂದೇ. ಮಧ್ಯದಲ್ಲಿ ಯಾರಾದರೂ ರೇಡಿಯೋ ಆಫ್ ಮಾಡಿದರೂ ಇದಿಷ್ಟು ಕಿವಿಗೆ ಬಿದ್ದಿರಲಿ ಅಂತ ಮೊದಲೇ ಹೇಳಿಬಿಡುತ್ತೇನೆ. ಮೈನ್‌ಫ್ರೇಮ್ ಪರದೆಯ ಮೇಲೆ ನೀವು ಏನೇ ಟೈಪ್ ಮಾಡಿ, ಎಷ್ಟೇ ಟೈಪ್ ಮಾಡಿ, ಎಂಟರ್ ಒತ್ತುವವರೆಗೆ ಆ ಕಡೆ ಏನೂ ಗೊತ್ತಾಗುವುದಿಲ್ಲ.

ಮೈನ್‌ಫ್ರೇಮ್ ಅಂದರೆ ದೊಡ್ಡ ಕಂಪ್ಯೂಟರ್. ಬ್ಯಾಂಕು, ವಿಮಾನ ಕಂಪನಿ, ಕ್ರೆಡಿಟ್ ಕಾರ್ಡ್ ಕಂಪನಿಗಳ ಲೆಕ್ಕ ಬಹಳಷ್ಟು ಇವತ್ತಿಗೂ ಅದರ ಮೇಲೆಯೇ ನಡೆಯುತ್ತದೆ. ಐಬಿಎಂನವರು 1964ರಲ್ಲಿ ಸಿಸ್ಟಮ್ 360 ಅಂತ ತಂದರು. ಈಗಿನ ಮೈನ್‌ಫ್ರೇಮ್‌ಗಳು ಅದೇ ವಂಶದವು. ಆ ಯಂತ್ರ ನಿಮ್ಮ ಮುಂದೆ ಇರುವುದಿಲ್ಲ. ಅಮೆರಿಕದಲ್ಲೋ ಯುರೋಪಿನಲ್ಲೋ ಎಲ್ಲೋ ಒಂದು ಕಡೆ ಇರುತ್ತದೆ. ಅದನ್ನು ಮುಟ್ಟಲು ಹಿಂದೆ ಟರ್ಮಿನಲ್ ಅಂತ ಒಂದು ಪೆಟ್ಟಿಗೆ ಇರುತ್ತಿತ್ತು. ನಾನು ಕೆಲಸಕ್ಕೆ ಸೇರಿದಾಗ ನನ್ನ ಮೇಜಿನ ಮೇಲೆ ಇದ್ದದ್ದು ಅದೇ. ಕಪ್ಪು ಪರದೆ, ಹಸಿರು ಅಕ್ಷರ, ಎರಡು ಕೈಯಲ್ಲಿ ಎತ್ತಬೇಕಾದ ಕೀಬೋರ್ಡ್, ಹಿಂದುಗಡೆ ದಪ್ಪನೆಯ ಕೇಬಲ್. ಆ ಜಾತಿಯ ಟರ್ಮಿನಲ್‌ಗೆ 3270 ಅಂತ ಹೆಸರು. 1971ರಲ್ಲಿ ಬಂದದ್ದು.

ಈಗ ಆ ಪೆಟ್ಟಿಗೆ ಇಲ್ಲ. ಅದರ ಬದಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಇದೆ. ಅದೇ ಟರ್ಮಿನಲ್ ಎಮ್ಯುಲೇಟರ್. ಅದರ ಕೆಲಸ ಇಷ್ಟೇ: ಮೈನ್‌ಫ್ರೇಮ್‌ಗೆ 'ನಾನೊಂದು 3270 ಪೆಟ್ಟಿಗೆ' ಅಂತ ನಂಬಿಸುವುದು. 1982ರಲ್ಲಿ ಇರ್ಮಾ ಅಂತ ಒಂದು ಕಾರ್ಡ್ ಬಂತು. ಅದನ್ನು ಪಿಸಿಯೊಳಗೆ ಸಿಕ್ಕಿಸಿ ಆ ದಪ್ಪ ಕೇಬಲ್ ಎಳೆದರೆ ಪಿಸಿಯೇ ಟರ್ಮಿನಲ್ ಆಗುತ್ತಿತ್ತು. ಆಮೇಲೆ ಕಾರ್ಡೂ ಹೋಯಿತು, ಕೇಬಲ್ಲೂ ಹೋಯಿತು. ಈಗ ಟಿಎನ್3270 ಅನ್ನುವ ಪದ್ಧತಿಯಲ್ಲಿ ಇಂಟರ್ನೆಟ್ ಮೇಲೆಯೇ ಹೋಗುತ್ತದೆ. ಪೆಟ್ಟಿಗೆ ಹೋದರೂ ಅದರ ಗುಣ ಮಾತ್ರ ಹೋಗಿಲ್ಲ ನೋಡಿ.

ಆ ಗುಣ ಯಾವುದು? ಬ್ಯಾಂಕಿನಲ್ಲಿ ಚಲನ್ ತುಂಬುತ್ತೀರಲ್ಲ, ಅದನ್ನು ನೆನಪಿಸಿಕೊಳ್ಳಿ. ಚಲನ್ ಮೇಲೆ ಅಚ್ಚಾಗಿರುವ ಅಕ್ಷರದ ಮೇಲೆ ಯಾರೂ ಬರೆಯುವುದಿಲ್ಲ. ಖಾಲಿ ಜಾಗದಲ್ಲಿ ಬರೆಯುತ್ತೀರಿ. ಹೊಡೆದು ಹಾಕುತ್ತೀರಿ, ತಿದ್ದುತ್ತೀರಿ, ಅರ್ಧ ಗಂಟೆ ಯೋಚನೆ ಮಾಡುತ್ತೀರಿ. ಒಳಗೆ ಕೂತಿರುವ ಗುಮಾಸ್ತರಿಗೆ ಇದು ಯಾವುದೂ ಗೊತ್ತಿಲ್ಲ. ಚಲನ್ ಕಿಂಡಿಯೊಳಗೆ ತಳ್ಳಿದಾಗಲೇ ಅವರು ನೋಡುವುದು. ಅವರು ನೋಡಿ ವಾಪಸ್ ಕೊಡುವ ತನಕ ನೀವು ಕೈ ಕಟ್ಟಿ ನಿಲ್ಲಬೇಕು. 3270 ಪರದೆ ಅಂದರೆ ಇದೇ. ಅದರ ಮೇಲೆ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920 ಜಾಗ. ಅದರಲ್ಲಿ ಕೆಲವು ಜಾಗ ಅಚ್ಚು, ಕೆಲವು ಜಾಗ ಖಾಲಿ. ನೀವು ಬರೆಯುವ ಖಾಲಿ ಜಾಗಕ್ಕೆ ಇನ್‌ಪುಟ್ ಫೀಲ್ಡ್ ಅನ್ನುತ್ತೇವೆ. ಎಂಟರ್ ಒತ್ತಿದಾಗ ನೀವು ಬದಲಾಯಿಸಿದ ಫೀಲ್ಡ್‌ಗಳು ಒಟ್ಟಿಗೆ ಆ ಕಡೆ ಹೋಗುತ್ತವೆ. ಎಫ್3, ಎಫ್8 ಥರದ ಕೀಗಳೂ ಹಾಗೆಯೇ ಹೊತ್ತುಕೊಂಡು ಹೋಗುತ್ತವೆ. ಅಲ್ಲಿಯವರೆಗೆ ಎಲ್ಲವೂ ನಿಮ್ಮ ಲ್ಯಾಪ್‌ಟಾಪಿನಲ್ಲೇ.

ಯಾಕೆ ಹೀಗೆ ಮಾಡಿದರು? ಆಗಿನ ಲೈನುಗಳು ಬಹಳ ನಿಧಾನ. ಸೆಕೆಂಡಿಗೆ 2400 ಬಿಟ್ ಹೋಗುವ ಲೈನಿನಲ್ಲಿ ಒಂದು ಪರದೆ ತುಂಬಲು ಆರು ಸೆಕೆಂಡಿಗೂ ಜಾಸ್ತಿ ಬೇಕು. ಒಂದು ಯಂತ್ರಕ್ಕೆ ನೂರಾರು ಜನ ಬೇರೆ. ಪ್ರತಿಯೊಬ್ಬರೂ ಒತ್ತುವ ಒಂದೊಂದು ಅಕ್ಷರಕ್ಕೂ ಆ ಯಂತ್ರ ತಿರುಗಿ ನೋಡುತ್ತಾ ಕೂತರೆ ಅದರ ಕೆಲಸ ಕೆಟ್ಟಂತೆಯೇ. ಅದಕ್ಕೇ ತಿದ್ದುವುದೆಲ್ಲ ನಿಮ್ಮ ಕಡೆಯೇ ಮುಗಿಸಿ, ಒಟ್ಟಿಗೆ ಕಳಿಸಿ ಅಂದರು. ಬಹಳ ಬುದ್ಧಿವಂತ ಕೆಲಸ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಲಿನಕ್ಸ್ ಗೊತ್ತಿರುವವರಿಗೆ ಇಲ್ಲೇ ಎಡವಟ್ಟಾಗುವುದು. ಲಿನಕ್ಸ್ ಯಂತ್ರಕ್ಕೆ ಪುಟ್ಟಿ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ದೂರದಿಂದ ಲಾಗಿನ್ ಆಗುತ್ತೀರಲ್ಲ, ಅದು ಬೇರೆ ಜಾತಿ. 1978ರಲ್ಲಿ ಡಿಇಸಿ ಕಂಪನಿಯವರ ವಿಟಿ100 ಅಂತ ಟರ್ಮಿನಲ್ ಬಂತು, ಅದರ ದಾರಿ ಅದು. ಅಲ್ಲಿ ಒಂದು ಅಕ್ಷರ ಒತ್ತಿದರೆ ಆ ಅಕ್ಷರ ಆ ಕಡೆ ಹೋಗಿ, ವಾಪಸ್ ಬಂದು, ಆಮೇಲೆ ನಿಮಗೆ ಕಾಣುತ್ತದೆ. 3270ಯಲ್ಲಿ ಹಾಗಲ್ಲ. ಎಂಟರ್ ಒತ್ತುವವರೆಗೆ ಆ ಕಡೆ ಏನೂ ಗೊತ್ತಾಗುವುದಿಲ್ಲ.

ಇದಕ್ಕೆ ಒಂದು ಪ್ರಸಂಗ ಹೇಳಲೇಬೇಕು. ನಮ್ಮ ಅಕ್ಕನ ಮಗ. ಊರು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ, ಮನೆ ಸುತ್ತ ಮಾವಿನ ತೋಟ. 2020ರ ಲಾಕ್‌ಡೌನಿನಲ್ಲಿ ಕಂಪನಿಯವರು ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿದ್ದರು. ರಾತ್ರಿ ಪಾಳಿ. ಯಾವುದೋ ವಿದೇಶಿ ಬ್ಯಾಂಕಿನ ಬ್ಯಾಚ್ ಜಾಬ್‌ಗಳನ್ನು, ಅಂದರೆ ತಾವಾಗಿಯೇ ಓಡುವ ಲೆಕ್ಕದ ಕೆಲಸಗಳನ್ನು ನೋಡಿಕೊಳ್ಳುವುದು, ಬಿದ್ದುಹೋದರೆ ಜೆಸಿಎಲ್, ಅಂದರೆ ಆ ಕೆಲಸ ಹೇಗೆ ಓಡಬೇಕು ಅಂತ ಬರೆದ ಸಾಲುಗಳನ್ನು ತಿದ್ದಿ ಮತ್ತೆ ಓಡಿಸುವುದು. ಕೆಲಸಕ್ಕೆ ಹೊಸಬ. ಒಂದು ದಿನ ರಾತ್ರಿ ಎರಡು ಗಂಟೆಗೆ ನನ್ನ ಫೋನು ಬಡಿದುಕೊಂಡಿತು.

'ಮಾಮ, ಸರ್ವರ್ ಸತ್ತೋಯ್ತು.'

ಯಾವ ಸರ್ವರ್ ಅಪ್ಪಾ, ಅಂದೆ.

'ಮೈನ್‌ಫ್ರೇಮೇ ಮಾಮ. ಏನ್ ಒತ್ತಿದ್ರೂ ಅಕ್ಷರ ಬೀಳ್ತಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡ್ದೆ, ಮಹಡಿ ಮೇಲ್ ಹೋಗಿ ಸಿಗ್ನಲ್ ನೋಡ್ದೆ, ಬೇರೆ ಕೀಬೋರ್ಡ್ ತಂದು ಹಾಕ್ದೆ. ಏನೂ ಆಗ್ಲಿಲ್ಲ.'

ನಡುರಾತ್ರಿಯಲ್ಲಿ ಪಕ್ಕದ ಮನೆಯವರನ್ನು ಎಬ್ಬಿಸಿ ಅವರ ಕಂಪ್ಯೂಟರಿನ ಕೀಬೋರ್ಡ್ ಕಿತ್ತುಕೊಂಡು ಬಂದಿದ್ದಾನೆ! ನಾನು ಕೇಳಿದೆ, ಪರದೆಯ ಕಟ್ಟ ಕಡೆಯ ಸಾಲಿನಲ್ಲಿ ಏನಿದೆ, ಓದು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದ, 'ಒಂದು ಎಕ್ಸ್ ಐತೆ ಮಾಮ. ಪಕ್ಕದಾಗೆ ಎರಡು ಬಾಣ. ಬಾಣದ ಮಧ್ಯೆ ಒಂದು ಪುಟ್ಟ ಮನುಷ್ಯ ನಿಂತವ್ನೆ. ವೈರಸ್ಸಾ?'

ವೈರಸ್ಸಲ್ಲ. ಆ ಪುಟ್ಟ ಮನುಷ್ಯ ಐಬಿಎಂನವನೇ. ಹಳೆ ಪೆಟ್ಟಿಗೆಯ ಕಾಲದಿಂದ ಅಲ್ಲಿದ್ದಾನೆ. ನೀನು ಅಚ್ಚಾದ ಜಾಗದ ಮೇಲೆ ಬರೆಯುತ್ತಿದ್ದೀಯ, ಆ ಕಡೆಯೋ ಈ ಕಡೆಯೋ ಹೋಗು, ಅಂತ ಅವನು ಹೇಳುವುದು. ಹುಡುಗ ಮೌಸ್‌ನಲ್ಲಿ ಕರ್ಸರನ್ನು 'ಕಮಾಂಡ್' ಅನ್ನುವ ಪದದ ಮೇಲೆಯೇ ಇಟ್ಟು ಟೈಪ್ ಮಾಡಿದ್ದಾನೆ. ಕೀಬೋರ್ಡ್ ಲಾಕ್ ಆಗಿದೆ. ಲಾಕ್ ಮಾಡಿದ್ದು ಯಾರು? ಅವನ ಲ್ಯಾಪ್‌ಟಾಪಿನಲ್ಲಿರುವ ಎಮ್ಯುಲೇಟರ್. ದೂರದ ಯಂತ್ರಕ್ಕೆ ಇದರ ಗಂಧಗಾಳಿಯೂ ಇಲ್ಲ. ಅವನಿನ್ನೂ ಎಂಟರ್ ಒತ್ತಿಯೇ ಇಲ್ಲವಲ್ಲ!

ರೀಸೆಟ್ ಒತ್ತು ಅಂದೆ. ರೀಸೆಟ್ ಎಲ್ಲಿದೆ ಅಂದ. ಅವನ ಎಮ್ಯುಲೇಟರಿನಲ್ಲಿ ಎಡಗಡೆಯ ಕಂಟ್ರೋಲ್ ಕೀಯೇ ರೀಸೆಟ್. ಒತ್ತಿದ. 'ಹೋದ ಮಾಮ, ಮನುಷ್ಯ ಹೋದ!' ಅಂತ ಕಿರುಚಿದ. ಹಿಂದಿನಿಂದ ನಮ್ಮ ಅಕ್ಕನ ದನಿ, 'ಯಾರೋ ಹೋಗಿದ್ದು ಈ ಹೊತ್ನಲ್ಲಿ?' ಅಂತ. ಅವಳಿಗೆ ಸಮಾಧಾನ ಹೇಳಿ ಮುಂದಕ್ಕೆ ಹೋಗಲು ಐದು ನಿಮಿಷ ಬೇಕಾಯಿತು.

ಸರಿ, ಕಮಾಂಡ್ ಟೈಪ್ ಮಾಡಿದ. ಎಂಟರ್ ಒತ್ತಿದ. ಕರ್ಸರ್ ಕೆಳಗಿನ ಸಾಲಿಗೆ ಹಾರಿತು, ಅಷ್ಟೇ. 'ನೋಡಿ ಮಾಮ, ಹೋಗ್ತಾನೇ ಇಲ್ಲ, ನಾನ್ ಹೇಳ್ಲಿಲ್ವಾ ಸರ್ವರ್ ಡೌನ್ ಅಂತ.' ಇದೂ ಹಳೆ ಕಥೆ. ಕೆಲವು ಎಮ್ಯುಲೇಟರ್‌ಗಳಲ್ಲಿ ದೊಡ್ಡ ಎಂಟರ್ ಕೀ ಸುಮ್ನೆ ಮುಂದಿನ ಸಾಲಿಗೆ ಕರೆದುಕೊಂಡು ಹೋಗುತ್ತದೆ. ನಿಜವಾದ ಎಂಟರ್ ಇರುವುದು ಬಲಗಡೆಯ ಕಂಟ್ರೋಲ್ ಕೀಯಲ್ಲಿ. ಹಳೆಯ ಟರ್ಮಿನಲ್‌ನ ಕೀಬೋರ್ಡಿನಲ್ಲಿ ಎಂಟರ್ ಆ ಮೂಲೆಯಲ್ಲಿತ್ತು, ಅದನ್ನೇ ಉಳಿಸಿಕೊಂಡರು. ಬಲಗಡೆ ಕಂಟ್ರೋಲ್ ಒತ್ತು ಅಂದೆ. 'ಈ ಲ್ಯಾಪ್‌ಟಾಪ್‌ನಾಗೆ ಬಲಗಡೆ ಕಂಟ್ರೋಲೇ ಇಲ್ಲ ಮಾಮ.' ಇರಲಿಲ್ಲ, ಪಾಪ. ಪಕ್ಕದ ಮನೆಯ ಕೀಬೋರ್ಡಿನಲ್ಲಿ ಇತ್ತು, ಅದನ್ನು ಆಗಲೇ ವಾಪಸ್ ಕೊಟ್ಟು ಬಂದಿದ್ದ. ಕೊನೆಗೆ ಎಮ್ಯುಲೇಟರಿನ ಮೆನುವಿನಲ್ಲಿ ಕೀಪ್ಯಾಡ್ ಅಂತ ಇರುತ್ತದೆ, ಅದನ್ನು ತೆರೆಸಿ, ಎಂಟರ್ ಅನ್ನುವ ಬಟನ್ ಮೇಲೆ ಮೌಸ್‌ನಲ್ಲಿ ಒತ್ತಿಸಿದೆ. ಕೆಳಗೆ ಎಕ್ಸ್ ಪಕ್ಕ ಒಂದು ಗಡಿಯಾರ ಬಂತು, ಮಾಯವಾಯಿತು, ಹೊಸ ಪರದೆ ಬಂತು. ಆ ಗಡಿಯಾರ ಇದ್ದಾಗ ಮಾತ್ರ ನಿಮ್ಮ ಚಲನ್ ಗುಮಾಸ್ತರ ಕೈಯಲ್ಲಿದೆ ಅಂತ ಅರ್ಥ. ಆಗ ಸುಮ್ಮನಿರಿ. ದಯವಿಟ್ಟು ಕೀಗಳನ್ನು ಕುಟ್ಟಬೇಡಿ.

ಪ್ರಸಂಗ ಇನ್ನೂ ಮುಗಿದಿಲ್ಲ. ಜೆಸಿಎಲ್ ತೆರೆದ, ಒಂದೆಂಟು ಸಾಲು ಹೊಸದಾಗಿ ಸೇರಿಸಬೇಕಿತ್ತು, ಟೈಪ್ ಮಾಡುತ್ತಾ ಹೋದ. ಅಷ್ಟರಲ್ಲಿ ಊರಿಗೆಲ್ಲ ಕರೆಂಟ್ ಹೋಯಿತು. ಹಿಂದೆಯೇ ಟವರ್ ಸಿಗ್ನಲ್ಲೂ ಹೋಯಿತು. ಫೋನ್ ಕಟ್. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಫೋನು. ಈಗ ಲಾಗಿನ್ ಆಗಲು ಹೋದರೆ 'ಯೂಸರ್ ಐಡಿ ಇನ್ ಯೂಸ್' ಅಂತ ತಳ್ಳುತ್ತಿದೆ. ಯಾರೋ ತನ್ನ ಐಡಿ ಕದ್ದಿದ್ದಾರೆ ಅಂತ ಅವನಿಗೆ ಗಾಬರಿ. ಯಾರೂ ಕದ್ದಿಲ್ಲ. ನೀನೇ ಇನ್ನೂ ಒಳಗಿದ್ದೀಯ ಅಂತ ಅದು ತಿಳಿದುಕೊಂಡಿದೆ. ಸಿಗ್ನಲ್ ಹೋದದ್ದು ಅದಕ್ಕೇನು ಗೊತ್ತು? ಟಿಎಸ್‌ಒ ಅಂದರೆ ಮೈನ್‌ಫ್ರೇಮ್‌ನಲ್ಲಿ ಲಾಗಿನ್ ಆಗಿ ಕೆಲಸ ಮಾಡುವ ವ್ಯವಸ್ಥೆ. ಅದರ ಲಾಗಾನ್ ಪರದೆಯ ಕೆಳಗಡೆ ರೀಕನೆಕ್ಟ್ ಅಂತ ಇರುತ್ತದೆ, ಅದರ ಮುಂದೆ ಒಂದು ಎಸ್ ಹಾಕಿ ಎಂಟರ್ ಕೊಡು ಅಂದೆ. ಕೊಟ್ಟ. ಬಿಟ್ಟಿದ್ದ ಜಾಗಕ್ಕೇ ವಾಪಸ್ ಹೋದ. ಕೊನೆಯ ಸಲ ಎಂಟರ್ ಕೊಟ್ಟಾಗ ಏನಿತ್ತೋ ಅದೆಲ್ಲ ಹಾಗೇ ಇತ್ತು. ಆಮೇಲೆ ಟೈಪ್ ಮಾಡಿದ ಎಂಟು ಸಾಲು ಮಾತ್ರ ಇಲ್ಲ. 'ನುಂಗಿಬಿಡ್ತು ಮಾಮ' ಅಂದ. ಅದರ ಕೈಗೆ ಬಂದಿದ್ದರೆ ತಾನೆ ನುಂಗುವುದು!

ಬೆಂಗಳೂರಿನಲ್ಲಿ ಮೈನ್‌ಫ್ರೇಮ್ ಕೋರ್ಸ್ ಅಂತ ಕೈತುಂಬ ದುಡ್ಡು ತೆಗೆದುಕೊಳ್ಳುತ್ತಾರೆ. ಕೋಬಾಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತಾರೆ, ಜೆಸಿಎಲ್ ಹೇಳಿಕೊಡುತ್ತಾರೆ. ಮೊದಲ ದಿನ ಅರ್ಧ ಗಂಟೆ ಕೂರಿಸಿ ಎಂಟರ್ ಎಲ್ಲಿದೆ, ರೀಸೆಟ್ ಎಲ್ಲಿದೆ, ಕೊನೆಯ ಸಾಲು ಓದುವುದು ಹೇಗೆ ಅಂತ ಯಾಕೆ ಹೇಳುವುದಿಲ್ಲವೋ ನನಗಂತೂ ತಿಳಿಯದು.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಕಿಟಕಿಯ ಮೂಲೆಯ ಎಕ್ಸ್ ಒತ್ತಿ ಎಮ್ಯುಲೇಟರ್ ಮುಚ್ಚಿದರೆ ಲಾಗಾಫ್ ಆದಂತಲ್ಲ. ಎಫ್3 ಒತ್ತುತ್ತಾ ಒತ್ತುತ್ತಾ ಹೊರಗೆ ಬನ್ನಿ, ರೆಡಿ ಅಂತ ಬಂದಾಗ ಲಾಗಾಫ್ ಅಂತ ಟೈಪ್ ಮಾಡಿ, ಎಂಟರ್ ಕೊಡಿ. ಕೊಡದಿದ್ದರೆ ಆ ಕಡೆ ಗೊತ್ತಾಗುವುದಿಲ್ಲ, ಅದೇ ಮಾತು.

ಮೈನ್‌ಫ್ರೇಮ್‌ನ ಅಕ್ಷರಗಳ ಲೆಕ್ಕವೇ ಬೇರೆ, ಅದಕ್ಕೆ ಎಬ್ಸಿಡಿಕ್ ಅನ್ನುತ್ತಾರೆ. ಫೈಲ್ ಇಳಿಸಿಕೊಂಡಾಗ ಕಸದ ಥರ ಕಂಡರೆ ಫೈಲ್ ಕೆಟ್ಟಿಲ್ಲ, ಟೆಕ್ಸ್ಟ್ ಅನ್ನುವ ಬದಲು ಬೈನರಿ ಅಂತ ಆರಿಸಿದ್ದೀರಿ. ಚೌಕ ಬ್ರಾಕೆಟ್ ಬೇರೇನೋ ಆಗಿ ಕಂಡರೆ ಎಮ್ಯುಲೇಟರಿನಲ್ಲಿ ಕೋಡ್ ಪೇಜ್, ಅಂದರೆ ಅಕ್ಷರಗಳ ಪಟ್ಟಿ, 037 ಇದೆಯೋ 1047 ಇದೆಯೋ ನೋಡಿ. ಮನೆಯಿಂದ ಕನೆಕ್ಟ್ ಆಗುವಾಗ ಬರೀ ಪೋರ್ಟ್ 23 (ಪೋರ್ಟ್ ಅಂದರೆ ಆ ಯಂತ್ರದ ಬಾಗಿಲ ನಂಬರು) ಬಳಸಬೇಡಿ, ಅದರಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟಂತೆ ಹೋಗುತ್ತದೆ. ಕಂಪನಿಯವರು ಟಿಎಲ್‌ಎಸ್ ಇರುವ, ಅಂದರೆ ಕಳಿಸುವುದನ್ನೆಲ್ಲ ಗುಟ್ಟಾಗಿ ಮುಚ್ಚಿ ಕಳಿಸುವ ಪೋರ್ಟ್ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ 992.

ಕೆಲಸ ಸಿಗುವವರೆಗೆ ಕಾಯಬೇಕಾಗಿಲ್ಲ. ಹರ್ಕ್ಯುಲಿಸ್ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ. ಅದು ನಿಮ್ಮ ಲ್ಯಾಪ್‌ಟಾಪಿನೊಳಗೇ ಒಂದು ಮೈನ್‌ಫ್ರೇಮ್ ನಡೆಸುತ್ತದೆ. ಅದರ ಮೇಲೆ ಎಂವಿಎಸ್ 3.8 ಅನ್ನುವ ಐಬಿಎಂನ ಹಳೆಯ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಬಹುದು, ಎಲ್ಲ ಸೇರಿಸಿದ ಟಿಕೆ4 ಅನ್ನುವ ಕಟ್ಟೂ ಸಿಗುತ್ತದೆ. ಎಮ್ಯುಲೇಟರಿಗೆ ಎಕ್ಸ್3270 ಹಾಕಿಕೊಳ್ಳಿ, ಅದೂ ಪುಕ್ಕಟೆ, ವಿಂಡೋಸ್‌ಗೂ ಇದೆ. ವಿಳಾಸಕ್ಕೆ ಲೋಕಲ್‌ಹೋಸ್ಟ್, ಅಂದರೆ ನಿಮ್ಮದೇ ಲ್ಯಾಪ್‌ಟಾಪ್, ಪೋರ್ಟ್ 3270 ಅಂತ ಕೊಟ್ಟು ಕನೆಕ್ಟ್ ಆಗಿ. ಯೂಸರ್ ಐಡಿ, ಪಾಸ್‌ವರ್ಡ್ ಅದರ ಜೊತೆಗೆ ಬರುವ ಕೈಪಿಡಿಯಲ್ಲೇ ಬರೆದಿದ್ದಾರೆ. ಬೇಕಂತಲೇ ಅಚ್ಚಾದ ಜಾಗದ ಮೇಲೆ ಟೈಪ್ ಮಾಡಿ, ಕೀಬೋರ್ಡ್ ಲಾಕ್ ಮಾಡಿಸಿಕೊಳ್ಳಿ, ರೀಸೆಟ್ ಹುಡುಕಿ ಬಿಡಿಸಿಕೊಳ್ಳಿ. ನಮಸ್ಕಾರ.