ಅಣ್ಣಾ, ಎಷ್ಟೊತ್ತಿಗೆ ಅದ್ದಿದ್ದು?

ನಮಸ್ಕಾರ, ಕೋಲಾರದಿಂದ ನಾನೇ. ಹೋದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಕಾಮೆಂಟ್ ಹಾಕವ್ರೆ: 'ಅಳಿವೆ ನೀರಲ್ಲಿ ಪಿಎಚ್ ಪೇಪರ್ ಅದ್ದಿದೆ, 7 ಬಂತು. ಸಮುದ್ರದ್ದು 8.1. ಯಾರೋ ಆಸಿಡ್ ಬಿಟ್ಟಿದ್ದಾರೆ. ಬೋರ್‌ವೆಲ್ ಊರಿನವನು, ನಿನಗೇನು ಗೊತ್ತು?' ಅಳಿವೆ ಅಂದ್ರೆ ಹೊಳೆ ಸಮುದ್ರ ಸೇರೋ ಜಾಗ. ಪಿಎಚ್ ಅಂದ್ರೆ ನೀರು ಎಷ್ಟು ಆಮ್ಲ ಅನ್ನೋ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ.

ಅಣ್ಣಾ, ಎಷ್ಟೊತ್ತಿಗೆ ಅದ್ದಿದ್ದು?

ಉಬ್ಬರದಲ್ಲಿ ಅದ್ದಿದ್ರೆ ಸಿಗೋದು ಹೆಚ್ಚಾಗಿ ಸಮುದ್ರದ ನೀರು. ಇಳಿತದಲ್ಲಿ ಹೊಳೆ ನೀರು. ಅದೇ ಜಾಗ, ಆರು ಗಂಟೆ ಬಿಟ್ಟು ಹೋಗಿ, ನೀರೇ ಬೇರೆ! ಘಟ್ಟದಿಂದ ಇಳಿಯೋ ಮಳೆ ನೀರಲ್ಲಿ ಆಮ್ಲನ ಅಡಗಿಸೋ ಬೈಕಾರ್ಬೊನೇಟ್ ಅನ್ನೋ ಲವಣ ಕಮ್ಮಿ, ಅದಕ್ಕೇ ಆಮ್ಲ ಬಂದ್ರೆ ತಡ್ಕೊಳ್ಳೋ ತಾಕತ್ತಿಲ್ಲ. ಸಮುದ್ರದ ನೀರಲ್ಲಿ ಆ ತಾಕತ್ತು ಜಾಸ್ತಿ. ನಮ್ಮ ಬೋರ್‌ವೆಲ್ ನೀರಲ್ಲೂ ಅಷ್ಟೇ. ಕಾಯಿಸಿದ ಪಾತ್ರೆ ತಳದಲ್ಲಿ ಬೆಳ್ಳಗೆ ಕಟ್ಕೊಳ್ಳಲ್ವಾ, ಅದು ಬೈಕಾರ್ಬೊನೇಟ್ ಮಹಿಮೆನೇ. ಬೋರ್‌ವೆಲ್ ಊರಿನವನಿಗೆ ಅಷ್ಟು ಗೊತ್ತು ಸ್ವಾಮಿ.

ಇನ್ನು ಆಸಿಡ್ಡು. ಯಾರೂ ಟ್ಯಾಂಕರಲ್ಲಿ ತರಬೇಕಾಗಿಲ್ಲ. ಅಳಿವೆ ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಎಲೆ ಕೆಸರಲ್ಲಿ ಕೊಳೆಯುತ್ತೆ, ಬ್ಯಾಕ್ಟೀರಿಯಾ ಉಸಿರು ಬಿಡ್ತವೆ, ಆ ಕಾರ್ಬನ್ ಡೈಆಕ್ಸೈಡ್ ನೀರಲ್ಲಿ ಕರಗಿ ಕಾರ್ಬಾನಿಕ್ ಆಮ್ಲ ಆಗುತ್ತೆ. ಬಿಸಿಲಿದ್ದಾಗ ಪಾಚಿ ಆ ಕಾರ್ಬನ್ ಡೈಆಕ್ಸೈಡನ್ನ ಹೀರ್ಕೊಳ್ಳುತ್ತೆ, ಪಿಎಚ್ ಏರುತ್ತೆ. ರಾತ್ರಿ ಹೀರೋರಿಲ್ಲ, ಬಿಡೋರೇ ಎಲ್ಲಾ. ಬೆಳಗಿನ ಜಾವಕ್ಕೆ ಇಳಿದು ಕೂತಿರುತ್ತೆ. ನಂಬಿಕೆ ಬರಲ್ವಾ? 2018ರಿಂದ ನಮ್ಮ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರ್ತಿದೆಯಲ್ಲ, ಪಾಚಿಯಿಂದ ಹಸಿರು ತಿರುಗಿದ ಒಂದು ಕೆರೆ ಹತ್ರ ಹೋಗಿ. ಕೋಳಿ ಕೂಗೋ ಹೊತ್ತಿಗೊಂದ್ಸಲ, ಮಧ್ಯಾಹ್ನ ಮೂರಕ್ಕೊಂದ್ಸಲ ಅದ್ದಿ. ಮಂಗಳೂರು ಬಸ್ ಹತ್ತೋ ಖರ್ಚೂ ಉಳೀತು.

ಅದಕ್ಕೇ ಕೇಳಿದ್ದು, ಎಷ್ಟೊತ್ತಿಗೆ? ಉಬ್ಬರವೋ ಇಳಿತವೋ? ಮಳೆಗಾಲವೋ ಬೇಸಿಗೆಯೋ?

'ಹಾಗಾದ್ರೆ ನೀನು ಕಾರ್ಖಾನೆ ಪರ' ಅಂತ ಇನ್ನೊಬ್ರು. ಹೌದಪ್ಪ, ತಿಂಗಳ ತಿಂಗಳ ಕವರ್ ಬರ್ತಿದೆ, ಅದಕ್ಕೇ ಈ ಒಡೆದ ಮೈಕು! ಕೊಳಚೆ ಬಿಟ್ರೂ ಪಿಎಚ್ ಇಳಿಯುತ್ತೆ ಕಣ್ರೀ, ಕೊಳೆಯೋಕೆ ಸರಕು ಸಿಕ್ತು ಅಂತ. ಆದ್ರೆ ಕಳ್ಳನ್ನ ಹಿಡಿಯೋಕೂ ಟೈಮ್ ಬರ್ಕೊಂಡಿರಬೇಕು. 'ಒಂದಂಕಿ ತಾನೇ' ಅಂತ ಮತ್ತೊಬ್ರು. ಒಂದಂಕಿ ಇಳಿದ್ರೆ ಆಮ್ಲತೆ ಹತ್ತು ಪಟ್ಟು! ಆಮ್ಲದಲ್ಲಿ ಚಿಪ್ಪು ಕಟ್ಟೋಕೆ ಒದ್ದಾಡೋ ಕಪ್ಪೆಚಿಪ್ಪಿನ ಮರಿಗಳನ್ನ ಕೇಳಿ, ಒಂದಂಕಿ ಅಂದ್ರೇನು ಅಂತ.

ಎಷ್ಟೊತ್ತಿಗೆ?! ಫೋನಲ್ಲೇ ಟೈಮ್ ಇರುತ್ತಲ್ರೀ, ಫೋಟೋ ಹೊಡೆಯೋಕಾಗುತ್ತೆ, ಟೈಮ್ ಹಾಕೋಕಾಗಲ್ವಾ? ಇನ್ಮೇಲೆ ಟೈಮ್ ಇಲ್ಲದ ಪಿಎಚ್ ಕಾಮೆಂಟ್ ಕಂಡ್ರೆ ಡಿಲೀಟ್. ಸರ್ವಾಧಿಕಾರಿ ಅನ್ನಿ, ಏನಾದ್ರೂ ಅನ್ನಿ, ಸಬ್‌ಸ್ಕ್ರೈಬ್ ಮಾಡಿ ಅನ್ನಿ. ಮುಂದಿನ ವಾರ ನಮ್ಮೂರಿನ ಫ್ಲೋರೈಡ್ ಕಥೆ, ಅದಕ್ಕೂ ಬಂದು ಜಗಳ ಆಡಿ.